ಹಗ್ಗ ಕಟ್ಟಿದ ಪೆಟ್ಟಿಗೆ

ಸೋಹಾರಿನ ಆರೋಗ್ಯ ಕೇಂದ್ರದಲ್ಲಿ
ಬೆಳಿಗ್ಗೆ ಎಂಟಕ್ಕೇ ಹದಿಮೂರು ಮಕ್ಕಳ ಸಾಲು.
ಬಾಗಿಲು ಮುಚ್ಚಿದಾಗಲೆಲ್ಲ ಒಳಗೊಂದು ಕೂಗು ಏಳುತ್ತಿತ್ತು,
ಹೊರಗಿದ್ದವು ಕಾರಣ ತಿಳಿಯದೆ ದನಿಗೂಡಿಸುತ್ತಿದ್ದವು.
ನಮ್ಮ ಸರದಿ ಬಂದಾಗ
ಇಳಾಳ ತೊಡೆ ಗಟ್ಟಿಯಾಗಿ ಹಿಡಿದು
ನಾನು ಕಣ್ಣು ಮುಚ್ಚಿದೆ.

ಕೂಗು ಬರಲಿಲ್ಲ.

ತೆರೆದು ನೋಡಿದರೆ ಹುಬ್ಬು ಒಂದಿಷ್ಟೇ ಗಂಟು.
ಏನೋ ಕೇಳಹೊರಟು ಮರೆತವಳ ಹಾಗೆ
ಬಾಯಿ ಅರ್ಧ ತೆರೆದು
ಮತ್ತೆ ಮುಚ್ಚಿಕೊಂಡಿತು.
ಆಮೇಲೆ ಗೋಡೆಯ ಮೇಲಿನ ಆಮೆಯ ಚಿತ್ರ ನೋಡುತ್ತ ಕೂತಳು.
"ಮಾಶಾ ಅಲ್ಲಾ, ಧೈರ್ಯವಂತೆ!" ಅಂದರು ಸಿಸ್ಟರ್ ಬದ್ರಿಯಾ
ಹತ್ತಿ ಒತ್ತುತ್ತ.
ಕುಂದಾಪುರದಿಂದ ಅತ್ತೆ, ಫೋನಿನಲ್ಲಿ:
"ಗಟ್ಟಿ ಹೆಣ್ಣ್ ಮರಾಯ್ತಿ, ನಿನ್ನ್ ಹಾಂಗಲ್ಲ!"

ನಾನು ನಗಲಿಲ್ಲ. ನನಗೆ ಲೆಕ್ಕ ಗೊತ್ತಿತ್ತು.

ಇಪ್ಪತ್ತೇಳನೇ ವಾರಕ್ಕೇ ಬಂದವಳು,
ಒಂಬೈನೂರ ನಲವತ್ತು ಗ್ರಾಂ.
ಅಂಗಡಿಯಲ್ಲಿ ಕಿಲೋ ಸಕ್ಕರೆಯ ಪೊಟ್ಟಣ ಎತ್ತಿದರೆ
ಈಗಲೂ ಕೈ ಅಳೆಯುತ್ತದೆ: ಇದು ಭಾರ.
ಅರವತ್ತೊಂದು ದಿನ ಗಾಜಿನ ಗೂಡಿನಲ್ಲಿ.
ಕಡಲೆಬೀಜದಷ್ಟು ಹಿಮ್ಮಡಿಗೆ ಸೂಜಿ ಬಿದ್ದಾಗಲೆಲ್ಲ
ರಸೀದಿಯ ಹಿಂದೆ ಒಂದು ಗೀಟು ಎಳೆಯುತ್ತಿದ್ದೆ.
ಇನ್ನೂರ ಹನ್ನೆರಡಕ್ಕೆ ಪೆನ್ನು ಕೆಳಗಿಟ್ಟೆ.
ಸೂಜಿ ಕೆಳಗಿಡಲಿಲ್ಲ ಅವರು,
ಇಡುವಂತೆಯೂ ಇರಲಿಲ್ಲ.

ಗಂಟಲಲ್ಲಿ ನಳಿಕೆ, ಆದ್ದರಿಂದ ಅಳುವಿಗೆ ಸದ್ದಿಲ್ಲ.
ಮುಖ ಮಾತ್ರ ಅಳುತ್ತಿತ್ತು.
ತುಟಿ ನೋಡಿ ಮಾತು ತಿಳಿಯುವ ಕಿವುಡರ ಹಾಗೆ
ಗಾಜಿನಾಚೆ ನಿಂತು ನಾನದನ್ನು ಓದುತ್ತಿದ್ದೆ.
ಐದನೇ ವಾರ ಮುಖವೂ ಸುಮ್ಮನಾಯಿತು.
ಹೊಂದಿಕೊಂಡಳು, ಅಂದುಕೊಂಡೆ.
ಅವತ್ತು ಕ್ಯಾಂಟೀನಿನಲ್ಲಿ ಕರಕ್ ಚಹಾ ಕುಡಿದೆ,
ಎರಡು ಲೋಟ, ನಿರಾಳವಾಗಿ.

ಡಾಕ್ಟರನ್ನು ಕೇಳಿದೆ.
ಪೆನ್ನಿನ ಟೊಪ್ಪಿ ತೆಗೆದು ಹಾಕಿ, ತೆಗೆದು ಹಾಕಿ, ಹೇಳಿದರು:
"ಬೇಗ ಹುಟ್ಟಿದವರಲ್ಲಿ ಕೆಲವರು ಹೀಗೆ.
ನೋವಿಲ್ಲ ಅಂತಲ್ಲ,
ಅದು ಮುಖಕ್ಕೆ ಬರುವ ದಾರಿ ಬದಲಾಗಿರಬಹುದು.
ಇನ್ನು ಕೆಲವರು ಮುಟ್ಟಿದರೂ ಬೆಚ್ಚುತ್ತಾರೆ.
ಪೂರ್ತಿ ನಮಗೂ ಗೊತ್ತಿಲ್ಲ."
ಗೊತ್ತಿಲ್ಲ ಅಂದದ್ದಕ್ಕೇ
ಅವರ ಮೇಲೆ ನಂಬಿಕೆ ಬಂತು.

ಜೂನ್ ತಿಂಗಳು. ಕಿಟಕಿಯ ಗಾಜು ಮುಟ್ಟಿದರೆ ಬೆರಳು ಸುಡುವ ಮಧ್ಯಾಹ್ನ.
ಬಂದರಿನ ಪಾಳಿ ಮುಗಿಸಿ ಬಂದ ರತ್ನಾಕರ
ಊರಿಗೆ ಕಾರ್ಗೋ ಪೆಟ್ಟಿಗೆ ತುಂಬುತ್ತಿದ್ದ:
ಹಾಲಿನ ಪುಡಿ, ಟಾರ್ಚು, ನಾದಿನಿಗೆ ಅತ್ತರು,
ಇಳಾ ಉಟ್ಟು ಉಳಿದ ಬೊಂಬೆಯಳತೆಯ ಡೈಪರುಗಳು
("ಯಾರಿಗಾದರೂ ಬೇಕಾದೀತು").
ಕಂದು ಟೇಪಿನ ತುದಿ ಉಗುರಿನಲ್ಲಿ ಕೆದಕಿ
ಒಮ್ಮೆ ಉದ್ದಕ್ಕೆ ಎಳೆದ.
ಚರ್ರ್.

ಚಾಪೆಯ ಮೇಲೆ ಆಡುತ್ತಿದ್ದವಳು
ಎರಡೂ ಹಿಮ್ಮಡಿ ಹೊಟ್ಟೆಗೆ ಸೆಳೆದುಕೊಂಡು
ಕಿರುಚಿದಳು.
ಮೇಲಿನ ಮಹಡಿಯ ಈಜಿಪ್ಟಿನವರು ಇಳಿದು ಬಂದು
ಬಾಗಿಲು ತಟ್ಟುವಷ್ಟು.

ಆಗ ನೆನಪಾಯಿತು. ಸೂಜಿಗೆ ಮುಂಚೆ ಪ್ರತಿಸಲ
ಸಿಸ್ಟರ್ ಲೂರ್ದೆಸ್ ಸುರುಳಿಯಿಂದ ಟೇಪು ಹರಿಯುತ್ತಿದ್ದರು.
ಹಳೆಯದನ್ನು ಕೆನ್ನೆಯಿಂದ ಬಿಡಿಸುವಾಗ
ಒಮ್ಮೊಮ್ಮೆ ಚರ್ಮವೂ ಬರುತ್ತಿತ್ತು.

ಹೇಳಬಾರದು, ಆದರೂ ಹೇಳುತ್ತೇನೆ:
ನನಗೆ ಸಂತೋಷವಾಯಿತು.
ಅಳು ಪುಟ್ಟಿ, ಅಂದೆ. ಇನ್ನೂ ಅಳು.
ಆ ಹಿಮ್ಮಡಿಗಳನ್ನು ಅಂಗೈಯಲ್ಲಿ ಮುಚ್ಚಿ ಹಿಡಿದೆ.
ಪುಟ್ಟ ಪುಟ್ಟ ಬಿಳಿ ಚುಕ್ಕೆ, ತಡವಿದರಷ್ಟೇ ಸಿಗುವಂಥವು.

ಕಾರ್ಗೋ ಅಂಗಡಿಯ ಹುಡುಗ ಪೆಟ್ಟಿಗೆ ತಿರುವಿ ನೋಡಿದ.
"ಟೇಪೇ ಇಲ್ಲವಲ್ಲ ಅಕ್ಕಾ, ಬರೀ ಹಗ್ಗ?
ದಾರಿಯಲ್ಲಿ ಬಿಚ್ಚಿಕೊಂಡರೆ?"
ಎಳೆದು ನೋಡು, ಅಂದೆ.
ಎಳೆದ. ಗಂಟು ಜಗ್ಗಲಿಲ್ಲ, ಸದ್ದೂ ಮಾಡಲಿಲ್ಲ.
ಇಳಾ ನನ್ನ ಸೊಂಟದ ಮೇಲೆ ಕೂತು
ತಕ್ಕಡಿಯ ಕೆಂಪು ಅಂಕಿಗಳು ಏರುವುದನ್ನೇ
ನೋಡುತ್ತಿದ್ದಳು.